ತೀರ್ಪು ರದ್ದಾದ ಮೇಲೆ

ಮೇಲಿನ ನ್ಯಾಯಾಲಯ ಕೆಳಗಿನ ನ್ಯಾಯಾಲಯದ ತೀರ್ಪನ್ನು ರದ್ದುಮಾಡಿತೆಂದು ಕೇಳಿದೊಡನೆ ನಮ್ಮಲ್ಲಿ ಕೆಲವರು ‘ಹಾಗಾದರೆ ತಪ್ಪೇ ನಡೆದಿರಲಿಲ್ಲ’ ಎನ್ನುತ್ತೇವೆ. ಕೆಲವರು ‘ದೊಡ್ಡವರು ಹೇಗೋ ಪಾರಾದರು’ ಎನ್ನುತ್ತೇವೆ. ಅಮೆರಿಕದ ಆರ್ಥರ್ ಆಂಡರ್ಸನ್ ಎಂಬ ಲೆಕ್ಕಪರಿಶೋಧಕ ಸಂಸ್ಥೆಯ ಕಥೆಯನ್ನು ನೋಡಿದರೆ ಈ ಎರಡು ಮಾತುಗಳೂ ಸಾಲವೆಂದು ತಿಳಿಯುತ್ತದೆ.

ನಾರ್ವೆಯಿಂದ ವಲಸೆ ಬಂದ ದಂಪತಿಗಳ ಮಗನಾದ ಆರ್ಥರ್ ಆಂಡರ್ಸನ್ 1913ರಲ್ಲಿ ಷಿಕಾಗೋ ನಗರದಲ್ಲಿ ಪಾಲುದಾರನೊಬ್ಬನೊಡನೆ ಈ ಸಂಸ್ಥೆಯನ್ನು ಆರಂಭಿಸಿದನು. ರೈಲ್ವೆ ಕಂಪೆನಿಯೊಂದು ತನ್ನ ತಪ್ಪು ಲೆಕ್ಕಕ್ಕೆ ಒಪ್ಪಿಗೆಯ ರುಜು ಹಾಕೆಂದು ಒತ್ತಾಯಿಸಿದಾಗ, ಇಡೀ ಷಿಕಾಗೋದ ಹಣ ಕೊಟ್ಟರೂ ಹಾಕೆನೆಂದು ಆತ ನಿರಾಕರಿಸಿದನೆಂಬ ಕಥೆಯನ್ನು ಸಂಸ್ಥೆಯವರು ಹೆಮ್ಮೆಯಿಂದ ಹೇಳಿಕೊಂಡು ಬಂದರು. ಶತಮಾನದ ಕೊನೆಯ ಹೊತ್ತಿಗೆ ಅದು ಜಗತ್ತಿನ ಐದು ಮಹಾ ಲೆಕ್ಕಪರಿಶೋಧಕ ಸಂಸ್ಥೆಗಳಲ್ಲಿ ಒಂದಾಗಿತ್ತು. ಸುಮಾರು 85,000 ಮಂದಿ ಅದರಲ್ಲಿ ದುಡಿಯುತ್ತಿದ್ದರು. ಅಮೆರಿಕದಲ್ಲೇ 28,000 ಮಂದಿ.

ಅದರ ಗಿರಾಕಿಗಳಲ್ಲೊಂದು ಎನ್ರಾನ್. ರತ್ನಾಗಿರಿ ಜಿಲ್ಲೆಯ ದಾಭೋಳದ ವಿದ್ಯುತ್ ಯೋಜನೆಯಿಂದಾಗಿ ಈ ಹೆಸರು ನಮಗೂ ಅಪರಿಚಿತವಲ್ಲ. 2000ನೆಯ ವರ್ಷವೊಂದರಲ್ಲಿಯೇ ಎನ್ರಾನಿನಿಂದ ಆಂಡರ್ಸನ್ ಸಂಸ್ಥೆಗೆ ಬಂದ ಹಣ 5 ಕೋಟಿ 20 ಲಕ್ಷ ಡಾಲರು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಲೆಕ್ಕಪರಿಶೋಧನೆಗಲ್ಲ, ಸಲಹೆ ಮೊದಲಾದ ಇತರ ಸೇವೆಗಳಿಗೆ ಸಂದದ್ದು. ಲೆಕ್ಕ ನೋಡುವವನೇ ಮಂತ್ರಾಲೋಚನೆಗೂ ಕುಳಿತರೆ ಯಾರ ಹಿತ ಕಾಯುತ್ತಾನೆ?

2001ರ ಅಕ್ಟೋಬರಿನಲ್ಲಿ ಎನ್ರಾನಿನ ಸುಳ್ಳು ಲೆಕ್ಕಗಳು ಹೊರಬೀಳತೊಡಗಿದವು; ಷೇರುಪೇಟೆಯ ನಿಯಂತ್ರಣಾಧಿಕಾರಿಗಳು ವಿಚಾರಣೆ ಆರಂಭಿಸಿದರು. ಅದೇ ದಿನಗಳಲ್ಲಿ, ಕಡತಗಳ ವಿಲೇವಾರಿಯ ಬಗೆಗೆ ಸಂಸ್ಥೆಯಲ್ಲಿದ್ದ ನಿಯಮವನ್ನು ಪಾಲಿಸಬೇಕೆಂಬ ಸೂಚನೆ ಆಂಡರ್ಸನ್ ಕಚೇರಿಗಳಿಗೆ ಹೋಯಿತು. ಹ್ಯೂಸ್ಟನ್ ಕಚೇರಿಯಲ್ಲಿ ಎನ್ರಾನಿಗೆ ಸಂಬಂಧಿಸಿದ ಕಾಗದಪತ್ರಗಳು ರಾಶಿರಾಶಿಯಾಗಿ ಯಂತ್ರದ ಬಾಯಿಗೆ ಬಿದ್ದು ಚೂರಾದವು. ಡಿಸೆಂಬರ್ 2ರಂದು ಎನ್ರಾನ್ ದಿವಾಳಿ ಅರ್ಜಿ ಹಾಕಿತು. ನಿವೃತ್ತಿಯ ಉಳಿತಾಯವನ್ನು ಕಂಪೆನಿಯ ಷೇರುಗಳಲ್ಲಿಯೇ ಇಟ್ಟಿದ್ದ ನೌಕರರ ಪಾಲಿಗೆ ಆ ಹಣ ಬರಿಯ ಕಾಗದವಾಯಿತು.

2002ರ ಮಾರ್ಚಿನಲ್ಲಿ ಸರ್ಕಾರ ಇಡೀ ಸಂಸ್ಥೆಯ ಮೇಲೆಯೇ ಆರೋಪ ಹೊರಿಸಿತು. ‘ನಾನೇ ಆರ್ಥರ್ ಆಂಡರ್ಸನ್’ ಎಂದು ಬರೆದ ಅಂಗಿಗಳನ್ನು ತೊಟ್ಟು ನೌಕರರು ಹ್ಯೂಸ್ಟನ್ನಿನ ನ್ಯಾಯಾಲಯದ ಮುಂದೆ ಸೇರಿದರು. ಎನ್ರಾನಿನ ಕಡತವನ್ನು ಕಣ್ಣಿನಿಂದಲೂ ನೋಡದ ತಮಗೇಕೆ ಈ ದಂಡನೆ ಎಂಬುದು ಅವರ ಪ್ರಶ್ನೆ. ಆದರೆ ದೇಶದಲ್ಲಿ ಅವರಿಗಾಗಿ ಮರುಗಿದವರಿಗಿಂತ, ಕಾಗದ ಹರಿದವರ ಮೇಲೆ ಕೆರಳಿದವರೇ ಹೆಚ್ಚು. ವೇಸ್ಟ್ ಮ್ಯಾನೇಜ್‌ಮೆಂಟ್ ಎಂಬ ಇನ್ನೊಂದು ಕಂಪೆನಿಯ ಲೆಕ್ಕದ ವಿಷಯದಲ್ಲಿ ಇದೇ ಸಂಸ್ಥೆ ಹಿಂದಿನ ವರ್ಷವಷ್ಟೇ 70 ಲಕ್ಷ ಡಾಲರು ದಂಡ ತೆತ್ತಿತ್ತು.

ಜೂನ್ 15ರಂದು ಜ್ಯೂರಿ ಸಂಸ್ಥೆಯನ್ನು ಅಪರಾಧಿಯೆಂದು ಸಾರಿತು. ವಿಧಿಸಿದ ದಂಡ 5 ಲಕ್ಷ ಡಾಲರು. ಅಂಥ ಸಂಸ್ಥೆಗೆ ಅದು ಲೆಕ್ಕಕ್ಕಿಲ್ಲದ ಮೊತ್ತ. ನಿಜವಾದ ದಂಡನೆ ಬೇರೆಯಿತ್ತು. ಗಿರಾಕಿಗಳು ಅದಕ್ಕೆ ಮೊದಲೇ ಬಿಟ್ಟುಹೋಗತೊಡಗಿದ್ದರು. ಅಪರಾಧಿಯೆನಿಸಿದ ಸಂಸ್ಥೆ ಷೇರುಪೇಟೆಯ ಕಂಪೆನಿಗಳ ಲೆಕ್ಕ ನೋಡುವಂತಿರಲಿಲ್ಲ. ಆಗಸ್ಟ್ ಮುಗಿಯುವುದರೊಳಗೆ ಅದು ಆ ಕೆಲಸವನ್ನೇ ನಿಲ್ಲಿಸಿತು.

ಮೂರು ವರ್ಷಗಳ ಅನಂತರ, 2005ರ ಮೇ 31ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಆ ತೀರ್ಪನ್ನು ತೊಡೆದುಹಾಕಿದರು. ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಅವರು ಬರೆದ ಆ ತೀರ್ಪಿನ ತಿರುಳಿಷ್ಟು: ತಾವು ಮಾಡುತ್ತಿರುವುದು ಅಕ್ರಮವೆಂಬ ಅರಿವು ಆರೋಪಿಗಳಿಗೆ ಇರಬೇಕೆಂದು ಕಾನೂನು ಹೇಳುತ್ತದೆ, ವಿಚಾರಣೆಯ ನ್ಯಾಯಾಧೀಶರು ಜ್ಯೂರಿಗೆ ಕೊಟ್ಟ ವಿವರಣೆಯಾದರೋ, ಅಂಥ ಅರಿವಿಲ್ಲದವರನ್ನೂ ಅಪರಾಧಿಗಳೆನ್ನಲು ಎಡೆಗೊಟ್ಟಿತ್ತು. ಕಾಗದ ಹರಿದದ್ದು ಸರಿಯೆಂದು ಆ ತೀರ್ಪು ಎಲ್ಲಿಯೂ ಹೇಳಲಿಲ್ಲ. ಸರ್ಕಾರ ಮತ್ತೆ ವಿಚಾರಣೆ ನಡೆಸಬಹುದಾಗಿತ್ತು, ನಡೆಸಲಿಲ್ಲ. ಸಂಸ್ಥೆಯಲ್ಲಿ ಆಗ ಉಳಿದಿದ್ದವರು ಸುಮಾರು 200 ಮಂದಿ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ನಮ್ಮ ಗಾದೆ ಇಲ್ಲಿ ಯಾರಿಗಾದರೂ ನೆನಪಾದೀತು. ಸಂಸ್ಥೆಯ ಹಳೆಯ ನೌಕರರು ಈ ತೀರ್ಪಿನಲ್ಲಿ ತಮ್ಮ ಮಾನ ಮರಳಿತೆಂದು ಕಂಡರು. ಮರಳಿದ ಮಾನಕ್ಕೆ ಮನೆಯೇ ಇಲ್ಲವಲ್ಲ ಎಂಬ ಕಹಿಯೂ ಅದರೊಡನೆ ಇತ್ತು. ಸರ್ಕಾರ ಆತುರದಿಂದ ಸಾವಿರಾರು ನಿರಪರಾಧಿಗಳ ಅನ್ನ ಕಳೆಯಿತೆಂದು ಒಂದು ಪಕ್ಷ ದೂರಿತು. ತಾಂತ್ರಿಕ ದೋಷವೊಂದು ತಪ್ಪಿತಸ್ಥರ ರಕ್ಷಣೆಗೆ ಬಂದಿತೆಂದು ಇನ್ನೊಂದು ಪಕ್ಷ ಕೆರಳಿತು.

ನಮ್ಮ ಭಾಷೆಯಲ್ಲಿ ‘ನಿರ್ದೋಷಿ’ ಎಂಬ ಮಾತೂ ಉಂಟು, ‘ತೀರ್ಪು ರದ್ದಾಯಿತು’ ಎಂಬ ಮಾತೂ ಉಂಟು. ಮೊದಲನೆಯದು ಮನುಷ್ಯನನ್ನು ಕುರಿತದ್ದು. ಎರಡನೆಯದು ನ್ಯಾಯಾಲಯದ ನಡೆಯನ್ನು ಕುರಿತದ್ದು. ಎನ್ರಾನಿನ ಸ್ಥಾಪಕ ಕೆನೆತ್ ಲೇ 2006ರ ಮೇ ತಿಂಗಳಲ್ಲಿ ಅಪರಾಧಿಯೆನಿಸಿ, ಮೇಲ್ಮನವಿಗೆ ಮೊದಲೇ ಜುಲೈನಲ್ಲಿ ತೀರಿಕೊಂಡನು. ಅಲ್ಲಿನ ಕಾನೂನಿನ ಪ್ರಕಾರ ಅಕ್ಟೋಬರಿನಲ್ಲಿ ಆ ತೀರ್ಪೂ ಅಳಿಸಿಹೋಯಿತು. ಸಾವು ಯಾರನ್ನೂ ನಿರ್ದೋಷಿಯಾಗಿಸಲಾರದೆಂಬುದನ್ನು ಹಣ ಕಳೆದುಕೊಂಡವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಪ್ರಕರಣದಿಂದ ಅಮೆರಿಕದ ಸರ್ಕಾರ ಕಲಿತ ಪಾಠವೂ ವಿಚಾರಾರ್ಹ. 2005ರ ಆಗಸ್ಟಿನಲ್ಲಿ ಕೆಪಿಎಂಜಿ ಎಂಬ ಇನ್ನೊಂದು ಲೆಕ್ಕಪರಿಶೋಧಕ ಸಂಸ್ಥೆ, ಶ್ರೀಮಂತರು ತೆರಿಗೆ ತಪ್ಪಿಸಿಕೊಳ್ಳಲು ನೆರವಾದ ಪ್ರಕರಣದಲ್ಲಿ ಸಿಕ್ಕಿಬಿದ್ದಿತು. ಸರ್ಕಾರ ಈ ಬಾರಿ ಸಂಸ್ಥೆಯನ್ನು ಉರುಳಿಸಲಿಲ್ಲ. 45 ಕೋಟಿ 60 ಲಕ್ಷ ಡಾಲರು ಕಟ್ಟಿಸಿಕೊಂಡು, ಷರತ್ತುಗಳನ್ನು ವಿಧಿಸಿ, ವಿಚಾರಣೆಯನ್ನು ಮುಂದಕ್ಕೆ ಹಾಕುವ ಒಪ್ಪಂದ ಮಾಡಿಕೊಂಡಿತು. ನೌಕರರ ಅನ್ನ ಉಳಿಯಿತು, ನಿಜ. ಆದರೆ ಇಂಥ ಒಪ್ಪಂದಗಳೇ ರೂಢಿಯಾದರೆ, ದೊಡ್ಡ ಸಂಸ್ಥೆಗೆ ಅಪರಾಧವೆಂಬುದು ಖರ್ಚಿನ ಪಟ್ಟಿಯಲ್ಲಿ ಇನ್ನೊಂದು ಬಾಬತ್ತಾಗಿ ಪರಿಣಮಿಸುವ ಭಯವಿದೆ.

ಲೆಕ್ಕಪರಿಶೋಧಕನ ರುಜುವಿಗೆ ಬೆಲೆ ಬರುವುದು ಜನರ ನಂಬಿಕೆಯಿಂದ. ಆ ನಂಬಿಕೆಯನ್ನು ನ್ಯಾಯಾಲಯ ಕೊಡಲೂ ಇಲ್ಲ, ರದ್ದಾದ ತೀರ್ಪಿನೊಡನೆ ಹಿಂದಿರುಗಿಸಲೂ ಆಗಲಿಲ್ಲ. ‘ನಾನೇನು ತಪ್ಪು ಮಾಡಿದೆ’ ಎಂದು ಕೇಳಿದ ಆಂಡರ್ಸನ್ ಸಂಸ್ಥೆಯ ಗುಮಾಸ್ತನೂ, ‘ನನ್ನ ಉಳಿತಾಯವೆಲ್ಲಿ’ ಎಂದು ಕೇಳಿದ ಎನ್ರಾನಿನ ಕಾರ್ಮಿಕನೂ ಉತ್ತರಕ್ಕೆ ಹಕ್ಕುಳ್ಳವರೇ. 2002ರ ತೀರ್ಪು ಮೊದಲನೆಯವನನ್ನು ಮರೆತಿತ್ತು. 2005ರ ತೀರ್ಪಿನಿಂದ ಇಬ್ಬರಿಗೂ ಏನೂ ಮರಳಲಿಲ್ಲ.