ಮೇಲೆ, ಕೆಳಗೆ, ಮೂಡಲು, ಪಡುವಲು: ಮಕ್ಕಳಿಗೆ ಜಾಗದ ಮಾತು ಕಲಿಸಿದ ಕಥೆ

“ಒಲೆ ಹತ್ತಿರ ಹೋಗಬೇಡ.” “ಚೊಂಬು ಮಂಚದ ಕೆಳಗಿದೆ, ತಗೊಂಡು ಬಾ.” “ಕಸಬರಿಕೆ ಬಾಗಿಲ ಹಿಂದಿದೆ ನೋಡು.” ಮನೆಯಲ್ಲಿ ದಿನಕ್ಕೆ ಇಂಥ ಮಾತು ಎಷ್ಟು ಸಲ ಆಡುತ್ತೇವೋ ಲೆಕ್ಕವಿಲ್ಲ. ಮೇಲೆ, ಕೆಳಗೆ, ಒಳಗೆ, ಹಿಂದೆ, ಪಕ್ಕ, ನಡುವೆ ಅನ್ನುವ ಈ ಪದಗಳನ್ನು ಯಾರೂ ಪಾಠ ಅಂತ ಹೇಳಿಕೊಡುವುದಿಲ್ಲ. ಆದರೆ ಇವನ್ನು ಪಾಠವಾಗಿಯೇ ಕಲಿಸಬೇಕು ಎಂದು ಒಬ್ಬರು ಹಟ ಹಿಡಿದ ಇತಿಹಾಸವಿದೆ.

ಅವರು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. ಒಂದು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವರು. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆ ಶುರು ಮಾಡಿದರು. 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟರು. ನಮ್ಮ ಎಲ್‌ಕೆಜಿ, ಯುಕೆಜಿಯಲ್ಲಿರುವ ‘ಕೆಜಿ’ ಇದೇ. ಫ್ರೋಬೆಲ್ ಮಗುವಿಗೆ ಕೊಟ್ಟ ಮೊದಲ ಆಟಿಕೆ ಬಣ್ಣಬಣ್ಣದ ಆರು ಉಣ್ಣೆ ಚೆಂಡು. ಚೆಂಡಿಗೆ ದಾರ ಕಟ್ಟಿ ತಾಯಿ ಎತ್ತಬೇಕು, ಇಳಿಸಬೇಕು, ತೂಗಬೇಕು. ಜೊತೆಗೇ ಮೇಲೆ, ಕೆಳಗೆ, ಇಲ್ಲಿ, ಅಲ್ಲಿ ಎಂದು ಹೇಳಬೇಕು. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು, ಕಿವಿಗೆ ಬಿದ್ದದ್ದು ಮೂರೂ ಒಟ್ಟಿಗೇ ಆಗಬೇಕು ಎಂಬುದು ಅವರ ಲೆಕ್ಕ.

ಇಷ್ಟು ಸಾಧು ಕೆಲಸಕ್ಕೂ ಸರ್ಕಾರ ಹೆದರಿತು. ಇದು ನಾಸ್ತಿಕರ, ಸಮಾಜವಾದಿಗಳ ಸಂಚು ಎಂದು ಪ್ರಷ್ಯಾ ರಾಜ್ಯ 1851ರಲ್ಲಿ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡರು. ನಿಷೇಧ ತೆರವಾದದ್ದು 1860ರಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ.

ನೂರು ವರ್ಷ ದಾಟಿದ ಮೇಲೆ ಅಮೆರಿಕದಲ್ಲಿ ಆನ್ ಬೋಮ್ ಎಂಬುವರು ಬೇರೆ ಪ್ರಶ್ನೆ ಎತ್ತಿದರು. “ಗೆರೆಯ ಮೇಲೆ ಬರಿ, ಚಿತ್ರದ ಪಕ್ಕ ಗುರುತು ಹಾಕು” ಎಂದು ಮೇಷ್ಟ್ರು ಹೇಳುತ್ತಾರೆ. ಆ ಪದಗಳೇ ಮಗುವಿಗೆ ಗೊತ್ತಿಲ್ಲದಿದ್ದರೆ? ಇಂಥ 50 ಮೂಲ ಪರಿಕಲ್ಪನೆಗಳ ಪರೀಕ್ಷೆಯನ್ನು ಅವರು ಸಿದ್ಧಪಡಿಸಿದರು. ಮೊದಲ ಬೆಂಚಿನವನು ಬರೆಯುತ್ತಾನೆ, ಕೊನೆಯ ಬೆಂಚಿನವಳು ಸುಮ್ಮನೆ ಕೂರುತ್ತಾಳೆ. ಅವಳಿಗೆ ಪಾಠವೇ ಬರುವುದಿಲ್ಲ ಎಂದುಕೊಳ್ಳುತ್ತೇವೆ. ಗೊತ್ತಿಲ್ಲದ್ದು ಒಂದು ಸಣ್ಣ ಪದ ಇರಬಹುದು.

ಯಾವ ಪದ ಮೊದಲು ಬರುತ್ತದೆ? 1979ರಲ್ಲಿ ಜಾನ್‌ಸ್ಟನ್ ಮತ್ತು ಸ್ಲೋಬಿನ್ ಎಂಬ ಸಂಶೋಧಕರು ನಾಲ್ಕು ಭಾಷೆಯ ಮಕ್ಕಳನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಸಾಲು: ಮೊದಲು ಒಳಗೆ, ಮೇಲೆ, ಕೆಳಗೆ, ಪಕ್ಕ. ಆಮೇಲೆ ನಡುವೆ. ಕೊನೆಗೆ ಹಿಂದೆ, ಮುಂದೆ. ಟರ್ಕಿ ಭಾಷೆಯ ಮಕ್ಕಳು ಇಂಗ್ಲಿಷ್ ಮಕ್ಕಳಿಗಿಂತ ಬೇಗ ಕಲಿತಿದ್ದರು. ಟರ್ಕಿ ಭಾಷೆಯಲ್ಲೂ ನಮ್ಮ ‘ಮಂಚದ ಕೆಳಗೆ’ ಹಾಗೆ ವಸ್ತು ಮೊದಲು, ಜಾಗ ಆಮೇಲೆ. ಮಗುವಿಗೆ ಅದು ಹಗುರ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು.

ಎಡ ಬಲದ ಕಥೆ ಬೇರೆ. ತನ್ನ ಎಡಗೈ ಬಲಗೈ ಗುರುತಿಸುವ ಮಗುವೂ ಎದುರು ನಿಂತವರ ಎಡ ಬಲ ಹೇಳಲು ಎಂಟು ವರ್ಷದ ಹೊತ್ತಾಗುತ್ತದೆ ಎಂದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ 1920ರ ದಶಕದಲ್ಲೇ ಬರೆದರು. ನಾಲ್ಕು ವರ್ಷದ ಮಗು ಇಲ್ಲಿ ತಪ್ಪಿದರೆ ತಲೆಗೆ ಮೊಟಕಬೇಕಿಲ್ಲ.

ನಮ್ಮಲ್ಲಿ ಈ ಕೆಲಸವನ್ನು ಬಡವರ ಅಂಗಳಕ್ಕೆ ತಂದವರು ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. 1945ರಲ್ಲಿ ಮುಂಬೈ ಪ್ರಾಂತ್ಯದ ಬೋರ್ಡಿಯಲ್ಲಿ ಶುರು ಮಾಡಿದರು. ಮಕ್ಕಳು ಶಾಲೆಗೆ ಬರದಿದ್ದಾಗ ಅವರ ಕೇರಿಯ ಅಂಗಳದಲ್ಲೇ ಶಾಲೆ ನಡೆಸಿದರು. ದುಬಾರಿ ವಿದೇಶಿ ಆಟಿಕೆಯ ಬದಲು ಎಲೆ, ಕಲ್ಲು, ಚಿಪ್ಪು ಬಳಸಿದರು. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಐಸಿಡಿಎಸ್ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಇಂದಿನ ಅಂಗನವಾಡಿಗಳ ಬೇರು ಅದು.

ಈ ನಡುವೆ ನಮ್ಮದೇ ಒಂದು ಗುಂಪು ಪದ ಜಾರುತ್ತಿದೆ. ಮೂಡಲು, ಪಡುವಲು, ತೆಂಕಲು, ಬಡಗಲು. ಆಸ್ಟ್ರೇಲಿಯಾದ ಗೂಗು ಯಿಮಿದಿರ್ ಭಾಷೆಯವರು ಕೈಯಳತೆಯಲ್ಲಿರುವ ವಸ್ತುವನ್ನೂ ದಿಕ್ಕು ಹಿಡಿದೇ ಹೇಳುತ್ತಾರೆ. ಕಾಶಿ ಸುತ್ತಲಿನ ಹಳ್ಳಿ ಮಕ್ಕಳೂ ಹಾಗೆ ಹೇಳುವುದನ್ನು ರಮೇಶ್ ಮಿಶ್ರಾ ಮತ್ತು ಪಿಯರ್ ದಾಸೆನ್ ದಾಖಲಿಸಿದ್ದಾರೆ. ನಮ್ಮ ಅಜ್ಜಿಯರು ‘ಮೂಡಲ ಗೋಡೆ’, ‘ಪಡುವಲ ಹೊಲ’ ಎನ್ನುವುದು ಅದೇ ಜ್ಞಾನ. ಜಮೀನಿನ ಪತ್ರದ ಚೆಕ್ಕುಬಂದಿ ಇವತ್ತಿಗೂ ನಾಲ್ಕು ದಿಕ್ಕಿನ ಮೇಲೇ ನಿಂತಿದೆ. ದಿಕ್ಕು ಗೊತ್ತಿಲ್ಲದವರು ತಮ್ಮ ಹೊಲದ ಗಡಿಯನ್ನು ಬೇರೆಯವರ ಬಾಯಿಂದ ಕೇಳಬೇಕಾಗುತ್ತದೆ.

ಈಗ ಎಷ್ಟೋ ಮನೆಗಳಲ್ಲಿ ‘ಆನ್, ಇನ್, ಅಂಡರ್’ ಮೊಬೈಲಿನಿಂದ ಬರುತ್ತದೆ. ಬರಲಿ, ತಪ್ಪಲ್ಲ. ಆದರೆ ಪರದೆಯ ಚೆಂಡನ್ನು ಮಗು ಎತ್ತಿ ಮಂಚದ ಕೆಳಗೆ ಇಡಲಾರದು. ಒಂದು ಲೋಟ, ಒಂದು ಹುಣಸೆ ಬೀಜ ಸಾಕು. “ಲೋಟದ ಒಳಗೆ ಹಾಕು, ಪಕ್ಕ ಇಡು, ಈಗ ಎಲ್ಲಿದೆ ಹೇಳು” ಅನ್ನಿ. ಸಂಜೆ ಹಟ್ಟಿ ಮುಂದೆ ನಿಲ್ಲಿಸಿ, ಹೊತ್ತು ಮುಳುಗುವುದು ಯಾವ ಕಡೆ ಎಂದು ಕೇಳಿ.