ಎಂಜಿನಿಯರ್‌ಗೆ ಕಡಲು ಕಲಿಸಿದ ಎರಡನೇ ಪಾಠ

1953ರ ಜನವರಿ 31, ಶನಿವಾರ ರಾತ್ರಿ. ಹುಣ್ಣಿಮೆಯ ಬೆನ್ನಿಗೆ ಬರುವ ದೊಡ್ಡ ಉಬ್ಬರಕ್ಕೆ ವಾಯವ್ಯದ ಬಿರುಗಾಳಿಯೂ ಜೊತೆಯಾಯಿತು. ಉತ್ತರ ಸಮುದ್ರದ ನೀರು ನೆದರ್ಲೆಂಡ್ಸ್‌ನ ನೈರುತ್ಯ ಕರಾವಳಿಗೆ ನುಗ್ಗಿತು. ಮಣ್ಣಿನ ಏರಿಗಳ ಮೇಲಿನಿಂದ ಹರಿದ ನೀರು ಅವುಗಳ ಹಿಂಬದಿಯನ್ನೇ ಕೊರೆದು ಹಾಕಿತು. ಬೆಳಗಾಗುವಷ್ಟರಲ್ಲಿ ಊರೂರುಗಳೇ ಮುಳುಗಿದ್ದವು. ಸತ್ತವರು 1,836 ಮಂದಿ.

ಶತಮಾನಗಳಿಂದ ಕಡಲನ್ನು ಹಿಂದೆ ಸರಿಸಿ ನೆಲ ಮಾಡಿಕೊಂಡ ಜನರಿಗೆ ಹೀಗೇಕಾಯಿತು? ಹಿಂದೆ ಕಂಡ ಅತಿ ಎತ್ತರದ ನೆರೆಯನ್ನು ಅಳತೆಗೋಲಾಗಿಟ್ಟುಕೊಂಡು, ಅದಕ್ಕಿಂತ ತುಸು ಮೇಲೆ ಏರಿ ಕಟ್ಟುವುದು ಅಲ್ಲಿನ ರೂಢಿಯಾಗಿತ್ತು. ಇದು ಸಾಲದೆಂದು ಸರ್ಕಾರಿ ಎಂಜಿನಿಯರ್ ಯೋಹಾನ್ ಫಾನ್ ಫೇನ್ ಮೊದಲೇ ಎಚ್ಚರಿಸಿದ್ದರು. ದುರಂತದ ಬಳಿಕ ನೇಮಕವಾದ ಡೆಲ್ಟಾ ಆಯೋಗ ಪ್ರಶ್ನೆಯನ್ನೇ ಬದಲಿಸಿತು. ಹಿಂದೆ ನೀರು ಎಷ್ಟು ಏರಿತ್ತು ಎಂಬುದಲ್ಲ, ಮುಂದೆ ಎಷ್ಟು ಏರಬಹುದು ಎಂಬುದು ಮುಖ್ಯವಾಯಿತು. ಯಾವುದೇ ಒಂದು ವರ್ಷದಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ಮಾತ್ರ ಸಂಭವವಿರುವ ಮಟ್ಟವನ್ನು ಲೆಕ್ಕ ಹಾಕಿ, ದೇಶದ ಮುಖ್ಯ ಭಾಗದ ರಕ್ಷಣೆಗೆ ಅದನ್ನು ಆಧಾರವಾಗಿಸಲಾಯಿತು.

ಈ ಲೆಕ್ಕಕ್ಕೆ ಕಾಲೇಜಿನಲ್ಲಿ ಕಲಿತ ಸಿವಿಲ್ ಎಂಜಿನಿಯರಿಂಗ್ ಸಾಲದಾಯಿತು. ಅಲೆ, ಗಾಳಿ, ಉಬ್ಬರವಿಳಿತ, ಮರಳಿನ ಚಲನೆ, ಸಂಭವನೀಯತೆಯ ಗಣಿತ ಎಲ್ಲವನ್ನೂ ಒಟ್ಟಿಗೆ ಅರಿಯಬೇಕಿತ್ತು. ಕರಾವಳಿ ಎಂಜಿನಿಯರಿಂಗ್ ಎಂಬ ಹೆಸರೇ ಆಗ ಹೊಸದು. ಆ ಹೆಸರಿನ ಮೊದಲ ಸಮ್ಮೇಳನ ನಡೆದದ್ದು 1950ರಲ್ಲಿ, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ.

1957ರಲ್ಲಿ ಡೆಲ್ಫ್ಟ್ ನಗರದಲ್ಲಿ ಒಂದು ಹೊಸ ಬಗೆಯ ಶಾಲೆ ತೆರೆಯಿತು. ಅಲ್ಲಿಗೆ ಬಂದವರು ಆಗತಾನೇ ಪದವಿ ಪಡೆದ ಹುಡುಗರಲ್ಲ. ತಮ್ಮ ದೇಶಗಳಲ್ಲಿ ಕೆಲಸದಲ್ಲಿದ್ದ ಎಂಜಿನಿಯರುಗಳು. ಪಾಠ ಡಚ್ ಭಾಷೆಯಲ್ಲಲ್ಲ, ಇಂಗ್ಲಿಷಿನಲ್ಲಿ. ಡಿಪ್ಲೊಮಾ ತರಗತಿಗಳಿಂದ ಆರಂಭವಾದ ಆ ಸಂಸ್ಥೆ ಮುಂದೆ ಸ್ನಾತಕೋತ್ತರ ಪದವಿಯನ್ನೂ ನೀಡತೊಡಗಿತು. ಇಂದು ಐಎಚ್‌ಇ ಡೆಲ್ಫ್ಟ್ ಎಂದು ಕರೆಯುವ ಈ ಸಂಸ್ಥೆಯಲ್ಲಿ 160ಕ್ಕೂ ಹೆಚ್ಚು ದೇಶಗಳವರು ಕಲಿತಿದ್ದಾರೆ.

ಕೆಲಸದಲ್ಲಿದ್ದವರಿಗೇ ಈ ಕಲಿಕೆ ಏಕೆ? ಕಡಲಂಚಿನ ಮರಳು ಒಂದೆಡೆ ನಿಲ್ಲುವುದಿಲ್ಲ. ಓರೆಯಾಗಿ ಬಡಿಯುವ ಅಲೆಗಳು ಅದನ್ನು ದಂಡೆಯುದ್ದಕ್ಕೂ ಸಾಗಿಸುತ್ತಿರುತ್ತವೆ. ಒಂದೂರಿನಲ್ಲಿ ಅಡ್ಡಗೋಡೆ ಕಟ್ಟಿದರೆ ಅಲ್ಲಿ ಮರಳು ನಿಂತೀತು, ಆದರೆ ಮುಂದಿನೂರಿನ ದಂಡೆ ಸವೆಯುತ್ತದೆ. ಕಡತಕ್ಕೆ ಸಹಿ ಹಾಕುವ ಅಧಿಕಾರಿಗೆ ಇದು ತಿಳಿಯದಿದ್ದರೆ ದಂಡ ತೆರುವವನು ಪಕ್ಕದೂರಿನ ಮೀನುಗಾರ.

ಕರ್ನಾಟಕದ ಕರಾವಳಿಗೂ ಈ ಮಾತು ಹೊಸದಲ್ಲ. ಮಳೆಗಾಲದಲ್ಲಿ ಕಡಲ್ಕೊರೆತ ಶುರುವಾದಾಗ ಲಾರಿಗಳಲ್ಲಿ ಕಲ್ಲು ತಂದು ಸುರಿಯುವುದು ಇಲ್ಲಿನ ಹಳೆಯ ಉಪಾಯ. 2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ನೆರವು ಮಂಜೂರು ಮಾಡಿದ ಯೋಜನೆಯಲ್ಲಿ, ಉಳ್ಳಾಲದ ದಡಕ್ಕೆ ಬರುವ ಅಲೆಗಳ ಬಿರುಸು ತಗ್ಗಿಸಲು ಕಡಲೊಳಗೇ ದಿಬ್ಬಗಳನ್ನು ಕಟ್ಟಲಾಯಿತು. ಇಂಥ ಕೆಲಸಕ್ಕೆ ಬೇಕಾದ ವಿದ್ಯೆ ದೂರದಲ್ಲೇನೂ ಇಲ್ಲ. 1960ರಲ್ಲಿ ಸುರತ್ಕಲ್‌ನ ಕಡಲ ತಡಿಯಲ್ಲೇ ಆರಂಭವಾದ ಎಂಜಿನಿಯರಿಂಗ್ ಕಾಲೇಜು, ಈಗಿನ ಎನ್‌ಐಟಿಕೆ, ಸಾಗರ ನಿರ್ಮಾಣಗಳ ಬಗ್ಗೆ ಸ್ನಾತಕೋತ್ತರ ಶಿಕ್ಷಣ ಕೊಡುತ್ತ ಬಂದಿದೆ.

ಡಚ್ಚರು ಈ ಪಾಠ ಕಲಿತದ್ದು 1,836 ಜೀವಗಳನ್ನು ಕಳೆದುಕೊಂಡ ಮೇಲೆ. ಮಿಕ್ಕವರು ಅಷ್ಟು ಬೆಲೆ ತೆರಬೇಕಿಲ್ಲ. ನೌಕರಿಯ ನಡುವೆ ಒಂದೆರಡು ವರ್ಷ ತರಗತಿಗೆ ಮರಳಿದರೆ ಸಾಕು.