ಅಶ್ಮರಿಯೂ ಆಕ್ಸಾಲಿಕ್ ಆಮ್ಲವೂ

ಹಂಪೆಯ ಅರಸರ ಕಾಲದಲ್ಲಿ ವೈದ್ಯಶಾಸ್ತ್ರಕ್ಕೆ ಆದರವಿದ್ದಿತೆಂಬುದಕ್ಕೆ ಸಾಯಣಾಚಾರ್ಯರ ಆಯುರ್ವೇದಸುಧಾನಿಧಿಯೇ ಸಾಕ್ಷಿ. ಆದರೆ ಅಶ್ಮರಿಯ, ಎಂದರೆ ಮೂತ್ರಮಾರ್ಗದಲ್ಲಿ ಹುಟ್ಟುವ ಕಲ್ಲಿನ, ಲಕ್ಷಣಗಳನ್ನು ಸಂಗ್ರಹಿಸಿರುವ ಮಾಧವನಿದಾನವನ್ನೂ ಆ ಕಾಲಕ್ಕೆ ಸೇರಿಸಿ, ವಿದ್ಯಾರಣ್ಯರ ಕೃತಿಯೆಂದು ಕೆಲವರು ಹೇಳಿರುವುದು ಯುಕ್ತವಲ್ಲ. ಕ್ರಿ. ಶ. 850ರ ಸುಮಾರಿನಲ್ಲಿ ಅಲ್ ತಬರಿಯು ಅರಬ್ಬೀ ಭಾಷೆಯಲ್ಲಿ ಬರೆದ ವೈದ್ಯಗ್ರಂಥದಲ್ಲಿಯೇ ಆ ನಿದಾನದ ಸಾರವು ಬಂದಿದೆ. ಆದುದರಿಂದ ಅದರ ಕರ್ತೃವಾದ ಮಾಧವಕರನು ವಿದ್ಯಾರಣ್ಯರಿಗಿಂತ ಸುಮಾರು ಐದು ಶತಮಾನಗಳಷ್ಟಾದರೂ ಹಿಂದಿನವನು. ಹೆಸರಿನ ಸಾದೃಶ್ಯವೇ ಈ ಭ್ರಾಂತಿಗೆ ಕಾರಣ.

ರೂಪದ ಸಾದೃಶ್ಯವೂ ಹೀಗೆಯೇ ಭ್ರಾಂತಿಯನ್ನುಂಟುಮಾಡಬಹುದು. ಸುಶ್ರುತನು ನಿದಾನಸ್ಥಾನದ 3ನೆಯ ಅಧ್ಯಾಯದಲ್ಲಿ ಶ್ಲೇಷ್ಮ, ಪಿತ್ತ, ವಾತ, ಶುಕ್ರ ಎಂಬ ಕಾರಣಭೇದದಿಂದ ಅಶ್ಮರಿಯು ನಾಲ್ಕು ಬಗೆಯೆಂದಿದ್ದಾನೆ. ಇವುಗಳಲ್ಲಿ ವಾತಾಶ್ಮರಿಯು ಕಪ್ಪುಬಣ್ಣದ್ದು, ಒರಟಾದುದು, ಕದಂಬದ ಹೂವಿನಂತೆ ಮುಳ್ಳುಮುಳ್ಳಾದುದು. ಯೂರೋಪಿನ ವೈದ್ಯರು ಇಂತಹ ಕಲ್ಲನ್ನೇ ಹಿಪ್ಪುನೇರಳೆಯ ಹಣ್ಣಿಗೆ ಹೋಲಿಸಿದರು. ಚಾಂಗೇರಿಯ ಜಾತಿಯ ಹುಳಿಸೊಪ್ಪಿನಲ್ಲಿರುವ ಆಮ್ಲವೂ, ಸಕ್ಕರೆಯಿಂದ ತಾನು ಪಡೆದ ಆಮ್ಲವೂ ಒಂದೇ ಎಂದು ಷೀಲೆ 1784ರಲ್ಲಿ ತೋರಿಸಿದನು. ಅದೇ ಆಕ್ಸಾಲಿಕ್ ಆಮ್ಲ. 1797ರಲ್ಲಿ ವೊಲ್ಲಾಸ್ಟನ್ ಎಂಬವನು ಹಿಪ್ಪುನೇರಳೆಗಲ್ಲನ್ನು ಪರೀಕ್ಷಿಸಿ, ಅದರಲ್ಲಿ ಆ ಆಮ್ಲವು ಕ್ಯಾಲ್ಸಿಯಂನೊಡನೆ ಕೂಡಿರುವುದನ್ನು ಕಂಡನು.

ಇಷ್ಟರಿಂದಲೇ ವಾತಾಶ್ಮರಿಯೇ ಕ್ಯಾಲ್ಸಿಯಂ ಆಕ್ಸಲೇಟೆಂದು ನಿರ್ಣಯಿಸುವುದು ಸಾಹಸವಾದೀತು. ಸುಶ್ರುತನು ಹೇಳಿದುದು ಮುಖ್ಯವಾಗಿ ಬಸ್ತಿಯ ಕಲ್ಲನ್ನು. ಈಗ ಹೆಚ್ಚಾಗಿ ಕಾಣುವುದು ಮೂತ್ರಪಿಂಡದ ಕಲ್ಲು. ಮೇಲಾಗಿ ಆಕ್ಸಲೇಟಿನ ಕಲ್ಲು ಒಮ್ಮೊಮ್ಮೆ ನುಣುಪಾಗಿಯೂ ಇರುವುದು. ರೂಪವು ಊಹೆಗೆ ದಾರಿ. ನಿರ್ಣಯಕ್ಕೆ ಪರಿಮಾಣವೇ ಬೇಕು.

ಆ ಪರಿಮಾಣವನ್ನು ತಿಳಿಯಲು ರೋಗಿಯ 24 ಗಂಟೆಗಳ ಮೂತ್ರವನ್ನು ಶೇಖರಿಸುವರು. ಹಳೆಯ ಕ್ರಮದಲ್ಲಿ ಆಕ್ಸಲೇಟನ್ನು ಕ್ಯಾಲ್ಸಿಯಂನೊಡನೆ ಗಷ್ಟಾಗಿ ಇಳಿಸಿ, ಗಂಧಕಾಮ್ಲದಲ್ಲಿ ಕರಗಿಸಿ ಬಿಸಿಮಾಡಿ, ಪೊಟ್ಯಾಸಿಯಂ ಪರ್ಮಾಂಗನೇಟಿನ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡುತ್ತಿದ್ದರು. ನಸುಗೆಂಪು ಮಾಯವಾಗದೆ ನಿಂತಾಗ, ವ್ಯಯವಾದ ದ್ರಾವಣದಿಂದ ಆಮ್ಲದ ಮೊತ್ತವು ತಿಳಿಯುತ್ತಿದ್ದಿತು. ಈ ದ್ರವ್ಯಕ್ಕೆ ಮೂಲವಾದ ಮ್ಯಾಂಗನೀಸಿನ ಅದಿರು ಸಂಡೂರಿನ ಬೆಟ್ಟಗಳಲ್ಲಿಯೇ ದೊರೆಯುವುದು. ಈಚೆಗೆ ಆಕ್ಸಲೇಟ್ ಆಕ್ಸಿಡೇಸ್ ಎಂಬ ಕಿಣ್ವದಿಂದ ಅಳೆಯುವ ಸೂಕ್ಷ್ಮಕ್ರಮವು ರೂಢಿಯಲ್ಲಿದೆ. ದಿನವೊಂದಕ್ಕೆ 40ರಿಂದ 45 ಮಿಲಿಗ್ರಾಂ ಮೀರಿದರೆ ಅಧಿಕವೆಂದು ಸಾಮಾನ್ಯವಾಗಿ ಎಣಿಸುವರು.

ಈ ಅಳತೆಯಿಂದ ಪಥ್ಯವೂ ತಿದ್ದಲ್ಪಟ್ಟಿತು. ಕಲ್ಲಿನಲ್ಲಿ ಕ್ಯಾಲ್ಸಿಯಂ ಇರುವುದೆಂದು ಹಾಲುಮೊಸರುಗಳನ್ನು ಬಿಡಿಸುತ್ತಿದ್ದುದು ತಪ್ಪೆಂದು ತಿಳಿದುಬಂದಿತು. ಪಾಲಕ್, ಹರಿವೆ ಮೊದಲಾದ ಸೊಪ್ಪುಗಳ ಆಕ್ಸಲೇಟು ಊಟದೊಡನೆ ಸೇರಿದ ಕ್ಯಾಲ್ಸಿಯಂನಿಂದ ಕರುಳಿನಲ್ಲಿಯೇ ಬಂಧಿಸಲ್ಪಟ್ಟು ಮಲದೊಡನೆ ಹೊರಬೀಳುವುದು. ಕ್ಯಾಲ್ಸಿಯಂ ಕಡಮೆಯಾದರೆ ಅದು ರಕ್ತವನ್ನು ಸೇರಿ ಮೂತ್ರಕ್ಕೆ ಬರುವುದು.

ಹೊಸ ಗಡಿಗೆಯಲ್ಲಿಟ್ಟ ತಿಳಿನೀರು ಸಹ ಕಾಲಾಂತರದಲ್ಲಿ ತಳದಲ್ಲಿ ಮಣ್ಣನ್ನಿಳಿಸುವಂತೆ ಅಶ್ಮರಿಯು ಹುಟ್ಟುವುದೆಂದು ಸುಶ್ರುತನು ದೃಷ್ಟಾಂತವಿತ್ತಿದ್ದಾನೆ. ಹೊಸಪೇಟೆ, ಕಂಪ್ಲಿಗಳ ಕಬ್ಬು ಮತ್ತು ಬತ್ತದ ಗದ್ದೆಗಳಲ್ಲಿ ಬೇಸಗೆಯ ಬಿಸಿಲಿಗೆ ದುಡಿಯುವವನ ನೀರೆಲ್ಲ ಬೆವರಾಗಿ ಹೋಗಿ ಮೂತ್ರವು ಸಾಂದ್ರವಾಗುವುದು. ಆಗ ಆಕ್ಸಲೇಟು ಮಿತವಾಗಿದ್ದರೂ ಹರಳುಗಟ್ಟಬಹುದು. ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರವಾಗುವಂತೆ ನೀರು ಕುಡಿಯಬೇಕೆಂಬುದು, ಒಮ್ಮೆ ಕಲ್ಲು ಕಂಡವರಿಗೆ ಇಂದಿನ ವೈದ್ಯರ ವಿಧಿ. ಗಡಿಗೆಯ ದೃಷ್ಟಾಂತವನ್ನು ಬಲ್ಲವರಿಗೆ ಇದು ಹೊಸತಾಗಿ ತೋರದು.